ಕಾಲೇಜು ಫುಟ್‌ಬಾಲ್ ಇಟ್ಟುಕೊಳ್ಳಬೇಕಾ, ಬಿಡಬೇಕಾ? ಹತ್ತಿರದಿಂದ ನೋಡಿದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಂದು ಸರ್ಕಾರಿ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಫುಟ್‌ಬಾಲ್ ಟೀಮ್ ಈಗ ಎಫ್‌ಸಿಎಸ್‌ನಲ್ಲಿದೆ, ಅಂದರೆ ಎರಡನೇ ಮೆಟ್ಟಿಲು. ಮೇಲಿನ ಮೆಟ್ಟಿಲಾದ ಎಫ್‌ಬಿಎಸ್‌ನ ಒಂದು ಕಾನ್ಫರೆನ್ಸ್ ನಮ್ಮನ್ನು ಕರೆಯುವ ಮಾತು ನಡೆಯುತ್ತಿದೆ. (ಊರಿನಿಂದ ಓದುವವರಿಗೆ: ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲೇ ಆಡಿಕೊಂಡು, ಟಿವಿ ಹಕ್ಕನ್ನು ಒಟ್ಟಿಗೆ ಮಾರುವ ಕಾಲೇಜುಗಳ ಗುಂಪು. ಫುಟ್‌ಬಾಲ್ ಅಂದರೆ ಇಲ್ಲಿನದು, ಚೆಂಡು ಕೈಯಲ್ಲಿ ಹಿಡಿದು ಓಡುವ ಆಟ.) ಕೆಲವರು ಹೋಗೋಣ ಅನ್ನುತ್ತಾರೆ. ಕೆಲವರು ಫುಟ್‌ಬಾಲನ್ನೇ ನಿಲ್ಲಿಸಿ ಆ ದುಡ್ಡನ್ನು ಪಾಠಕ್ಕೆ ಹಾಕೋಣ ಅನ್ನುತ್ತಾರೆ. ಇದನ್ನು ನೋಡುವ ಕಮಿಟಿಯಲ್ಲಿ ನಾನೂ ಇದ್ದೇನೆ.

ನಮ್ಮ ವಿಭಾಗದಲ್ಲಿ ಲ್ಯಾಬ್ ಅಸಿಸ್ಟೆಂಟ್ ಕೆಲಸ ಎರಡು ವರ್ಷದಿಂದ ಖಾಲಿ ಇದೆ. ಹಾಗಾಗಿ ನನ್ನ ಮನಸ್ಸು ಯಾವ ಕಡೆ ವಾಲಿದೆ ಅಂತ ನಿಮಗೆ ಗೊತ್ತಾಗುತ್ತದೆ. ಆದರೆ ಅರ್ಧಂಬರ್ಧ ತಿಳಿದುಕೊಂಡು ವೋಟು ಹಾಕಲು ಇಷ್ಟವಿಲ್ಲ. ಯಾವ ಕಾಗದ ನೋಡಬೇಕು, ಏನು ಕೇಳಬೇಕು, ದಯವಿಟ್ಟು ಹೇಳಿ.

ವರ್ಜೀನಿಯಾದಿಂದ

ಮೇಡಂ, ನಾನು 12 ವರ್ಷದಿಂದ ಯೂನಿವರ್ಸಿಟಿ ಬಜೆಟ್ ಆಫೀಸುಗಳಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಒಂದು ಕಾಗದ ತರಿಸಿಕೊಳ್ಳಿ. ಡಿವಿಷನ್ ಒನ್‌ನ (ಅಂದರೆ ಎಫ್‌ಬಿಎಸ್, ಎಫ್‌ಸಿಎಸ್ ಎರಡೂ ಇರುವ ಮೇಲಿನ ವಿಭಾಗದ) ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ ಎನ್‌ಸಿಎಎಗೆ, ಅಂದರೆ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆಗೆ, ಕ್ರೀಡೆಯ ಆದಾಯ, ಖರ್ಚಿನ ವರದಿ ಕೊಡಬೇಕು. ನಿಮ್ಮದು ಸರ್ಕಾರಿ ಸಂಸ್ಥೆ, ಹಾಗಾಗಿ ಅದನ್ನು ಕೇಳಿ ಪಡೆಯಬಹುದು. ಅದರಲ್ಲಿ ಖರ್ಚಿನ ಪುಟಕ್ಕೆ ಮೊದಲು ಹೋಗಬೇಡಿ. ಆದಾಯದ ಪುಟ ನೋಡಿ. ಟಿಕೆಟ್, ಟಿವಿ, ದಾನಿಗಳು ಎಲ್ಲ ಇರುತ್ತದೆ. ಕೆಳಗೆ ಎರಡು ಸಾಲು ಇರುತ್ತವೆ: ವಿದ್ಯಾರ್ಥಿಗಳ ಶುಲ್ಕ, ಯೂನಿವರ್ಸಿಟಿಯ ನೇರ ಸಹಾಯ. ಟಿವಿಯಲ್ಲಿ ಕಾಣುವ ದೊಡ್ಡ ಕಾಲೇಜುಗಳನ್ನು ಬಿಟ್ಟರೆ, ಮಿಕ್ಕ ಕಡೆ ಕ್ರೀಡೆ ನಿಂತಿರುವುದೇ ಈ ಎರಡು ಸಾಲಿನ ಮೇಲೆ.

ಹಿಂದೆ ನಾನಿದ್ದ ಕಡೆ ನಡೆದದ್ದು ಹೇಳುತ್ತೇನೆ. ಒಂದು ಹುಡುಗಿ ಬಿಲ್ ಪ್ರಿಂಟ್ ಮಾಡಿಕೊಂಡು ಕೌಂಟರಿಗೆ ಬಂದಳು. ಬೆಳಿಗ್ಗೆ ಬೇಕರಿಯಲ್ಲಿ ಕೆಲಸ ಮುಗಿಸಿ ಹಾಗೇ ಬಂದಿದ್ದಳು, ಏಪ್ರನ್ ಇನ್ನೂ ಕಟ್ಟಿಕೊಂಡಿದ್ದಳು, ತೋಳಿನ ಮೇಲೆ ಹಿಟ್ಟು. ಟ್ಯೂಷನ್ ಕೆಳಗಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟು "ಇದು ಯಾವುದಕ್ಕೆ?" ಅಂತ ಕೇಳಿದಳು. ಆ ಸಾಲಿಗೆ ಇದ್ದದ್ದು ಒಂದೇ ಹೆಸರು, ಒಟ್ಟು ಶುಲ್ಕ ಅಂತ. ನಾನು ಒಡೆದು ತೋರಿಸಿದೆ: ಬಸ್ಸಿಗೆ ಇಷ್ಟು, ಆರೋಗ್ಯ ಕೇಂದ್ರಕ್ಕೆ ಇಷ್ಟು, ಕ್ರೀಡೆಗೆ ಇಷ್ಟು. ಕ್ರೀಡೆಯದು ಮಿಕ್ಕ ಎಲ್ಲದಕ್ಕಿಂತ ಜಾಸ್ತಿ. ಅವಳು ಜಗಳ ಆಡಲಿಲ್ಲ. ಕಾಗದವನ್ನು ನಾಲ್ಕಾಗಿ ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡು ಹೋದಳು. ಅವತ್ತಿನಿಂದ ನನಗೆ ಆ ಸಾಲನ್ನು ಬರೀ ಸಂಖ್ಯೆಯಾಗಿ ನೋಡಲು ಆಗಿಲ್ಲ.

ನಮ್ಮ ರಾಜ್ಯದಲ್ಲಿ ಇದು ಎಷ್ಟು ಬೆಳೆಯಿತು ಅಂದರೆ 2015ರಲ್ಲಿ ಕಾನೂನೇ ಬಂತು. ಕ್ರೀಡೆಯ ಆದಾಯದಲ್ಲಿ ಆ ಎರಡು ಸಾಲು ಸೇರಿದ ಪಾಲು ಎಫ್‌ಸಿಎಸ್ ಕಾಲೇಜಿನಲ್ಲಿ 70 ಶೇಕಡಾ ದಾಟಬಾರದು, ಎಫ್‌ಬಿಎಸ್‌ನ ಸಣ್ಣ ಕಾನ್ಫರೆನ್ಸ್‌ಗಳಲ್ಲಿ 55 ದಾಟಬಾರದು. ಮಿತಿಯೇ ಇಷ್ಟು ಮೇಲಿದೆ ಅಂದರೆ ಪರಿಸ್ಥಿತಿ ಹೇಗಿತ್ತು ಯೋಚಿಸಿ. ಇಲ್ಲಿನ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿ 2022ರಲ್ಲಿ ಎಫ್‌ಸಿಎಸ್ ಬಿಟ್ಟು ಎಫ್‌ಬಿಎಸ್‌ನ ಸನ್ ಬೆಲ್ಟ್ ಕಾನ್ಫರೆನ್ಸ್‌ಗೆ ಹೋಯಿತು. ಅಲ್ಲಿ ಕ್ರೀಡಾ ಶುಲ್ಕ ಒಬ್ಬ ವಿದ್ಯಾರ್ಥಿಗೆ ವರ್ಷಕ್ಕೆ 2,000 ಡಾಲರ್ ದಾಟಿದೆ. ಟೀಮ್ ಚೆನ್ನಾಗಿ ಆಡಿತು, ಊರು ಖುಷಿಪಟ್ಟಿತು, ಅದೂ ನಿಜ.

ಮೇಲೆ ಹೋಗುವ ಖರ್ಚು ಹೇಳುವಾಗ ನಿಮ್ಮ ಮುಂದೆ ಪ್ರವೇಶ ಶುಲ್ಕ ಇಡುತ್ತಾರೆ. ಎಫ್‌ಬಿಎಸ್‌ಗೆ ಅರ್ಜಿ ಹಾಕಲು ಮುಂಚೆ 5,000 ಡಾಲರ್ ಇತ್ತು. 2023ರಲ್ಲಿ ಅದನ್ನು 50 ಲಕ್ಷ ಡಾಲರ್ ಮಾಡಿದರು. ಅದು ದೊಡ್ಡದಾಗಿ ಕಾಣುತ್ತದೆ, ಆದರೆ ಅಷ್ಟನ್ನೇ ನೋಡುವುದು ಛತ್ರದ ಬಾಡಿಗೆ ನೋಡಿ ಮದುವೆ ಖರ್ಚು ಇಷ್ಟೇ ಅಂದ ಹಾಗೆ. ವರ್ಷವರ್ಷ ಬರುವ ಖರ್ಚು ಬೇರೆ ಇದೆ. ಇತ್ತೀಚಿನವರೆಗೆ ಎಫ್‌ಸಿಎಸ್‌ನಲ್ಲಿ 63 ಸ್ಕಾಲರ್‌ಶಿಪ್ ಮಿತಿ, ಎಫ್‌ಬಿಎಸ್‌ನಲ್ಲಿ 85. ಗಂಡು ಮಕ್ಕಳಿಗೆ ಹೀಗೆ ಹೆಚ್ಚಿಸಿದರೆ 1972ರ ಟೈಟಲ್ ನೈನ್ ಕಾನೂನಿನ ಪ್ರಕಾರ ಹೆಣ್ಣು ಮಕ್ಕಳ ಕಡೆಯೂ ಸರಿದೂಗಿಸಬೇಕು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ 'ಹೌಸ್' ಒಪ್ಪಂದದ (ಆಟಗಾರರು ಎನ್‌ಸಿಎಎ ಮೇಲೆ ಹಾಕಿದ ಕೇಸಿನ ರಾಜಿ) ನಂತರ ಆಟ ಇನ್ನೂ ಬದಲಾಗಿದೆ. ಅದಕ್ಕೆ ಸೇರಿದ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮಿತಿ ಹೋಗಿ, ಫುಟ್‌ಬಾಲ್‌ಗೆ 105 ಆಟಗಾರರ ಮಿತಿ ಬಂದಿದೆ. ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್‌ವರೆಗೆ. ಕೊಡಲೇಬೇಕು ಅಂತಿಲ್ಲ. ಆದರೆ ಪಕ್ಕದವರು ಕೊಡುವಾಗ ನೀವು ಕೊಡದೆ ಎಷ್ಟು ದಿನ ಇರುತ್ತೀರಿ?

ಇನ್ನೊಂದು ಕಡೆಯನ್ನೂ ಹೇಳಲೇಬೇಕು, ಇಲ್ಲದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ. ಫುಟ್‌ಬಾಲ್ ನಿಲ್ಲಿಸಿದರೆ ಇಷ್ಟು ಕೋಟಿ ಉಳಿಯುತ್ತದೆ ಅನ್ನುವ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಅದರಲ್ಲಿ ಸ್ಕಾಲರ್‌ಶಿಪ್ಪನ್ನು ಪೂರ್ತಿ ಟ್ಯೂಷನ್ ದರದಲ್ಲಿ ಬರೆದಿರುತ್ತಾರೆ. ನಿಮ್ಮ ಕ್ಲಾಸಿನಲ್ಲಿ ಸೀಟು ಖಾಲಿ ಇದ್ದರೆ, ಆ ಹುಡುಗ ಬಂದು ಕೂತರೆ ನಿಜವಾಗಿ ಆಗುವ ಖರ್ಚು ಆ ದರಕ್ಕಿಂತ ಎಷ್ಟೋ ಕಡಿಮೆ. ಎಷ್ಟೋ ಸಣ್ಣ ಖಾಸಗಿ ಕಾಲೇಜುಗಳು ಸೀಟು ತುಂಬಲೆಂದೇ ಹೊಸದಾಗಿ ಫುಟ್‌ಬಾಲ್ ಶುರು ಮಾಡಿವೆ. ಅಲ್ಲಿ ನೂರು ಹುಡುಗರು ಬಂದರೆ ನೂರು ಫೀಸು. ಹಾಗೇ ದೊಡ್ಡ ಟೀಮಿನ ಊರಿಗೆ ಹೋಗಿ ಆಡಿ ಬರುವ ಮ್ಯಾಚಿಗೆ ಅವರು ದುಡ್ಡು ಕೊಡುತ್ತಾರೆ. 2007ರಲ್ಲಿ ಮಿಷಿಗನ್ ಹೀಗೆ ಆಗ ಎಫ್‌ಸಿಎಸ್‌ನಲ್ಲಿದ್ದ ಅಪಲಾಚಿಯನ್ ಸ್ಟೇಟ್‌ಗೆ 4 ಲಕ್ಷ ಡಾಲರ್ ಕೊಟ್ಟು ಕರೆಸಿತ್ತು. ಆವತ್ತು ಕರೆಸಿಕೊಂಡವರೇ 34–32ರಲ್ಲಿ ಸೋತರು. ಫುಟ್‌ಬಾಲ್ ನಿಲ್ಲಿಸಿದರೆ ಈ ದುಡ್ಡೂ ನಿಲ್ಲುತ್ತದೆ.

ಬರ್ಮಿಂಗ್‌ಹ್ಯಾಮ್, ಅಲಬಾಮಾದಿಂದ

ವರ್ಜೀನಿಯಾದವರು ಹೇಳಿದ ಕೊನೆಯ ಮಾತಿಗೆ ನಮ್ಮೂರೇ ಸಾಕ್ಷಿ. ನಾನು ಇಲ್ಲಿ ನರ್ಸ್. 2014ರ ಡಿಸೆಂಬರ್ 2ರಂದು ಯುಎಬಿ, ಅಂದರೆ ಬರ್ಮಿಂಗ್‌ಹ್ಯಾಮ್‌ನ ಅಲಬಾಮಾ ಯೂನಿವರ್ಸಿಟಿ, ಫುಟ್‌ಬಾಲ್ ನಿಲ್ಲಿಸುತ್ತೇವೆ ಅಂತ ಹೇಳಿತು. ಟೀಮ್ ಆ ವರ್ಷ 6–6 ಮಾಡಿ ಆಗಷ್ಟೇ ತಲೆ ಎತ್ತಿತ್ತು. ಪೈಪೋಟಿಯಲ್ಲಿ ಉಳಿಯಬೇಕಾದರೆ ಮುಂದಿನ ಐದು ವರ್ಷಕ್ಕೆ ಇನ್ನೂ 4.9 ಕೋಟಿ ಡಾಲರ್ ಬೇಕು ಅನ್ನುವುದು ಅವರ ಲೆಕ್ಕ. ಮರುದಿನ ಡಯಾಲಿಸಿಸ್‌ಗೆ ಬಂದ ಹಿರಿಯರೊಬ್ಬರು ಟೀಮಿನ ಹಸಿರು ಟೋಪಿಯನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾಲ್ಕು ಗಂಟೆ ಹೊತ್ತು ಅದರ ಅಂಚನ್ನು ಸವರುತ್ತಾ ಕೂತಿದ್ದರು. ನನಗೆ ಆಗ ಈ ಆಟದ ಗಂಧಗಾಳಿ ಇರಲಿಲ್ಲ. ಆದರೆ ಆ ಮುಖ ನೋಡಿ ಇದು ಬರೀ ಆಟ ಅಲ್ಲ ಅಂತ ಅರ್ಥ ಆಯಿತು.

ಆಮೇಲೆ ಎರಡು ವಿಷಯ ಹೊರಬಂತು. ಬೇರೆ ಅರ್ಥಶಾಸ್ತ್ರಜ್ಞರು ಅದೇ ಪುಸ್ತಕ ತೆಗೆದು ನೋಡಿದರು. ಸ್ಕಾಲರ್‌ಶಿಪ್ಪಿನ ಖರ್ಚನ್ನು ನಿಜವಾದ ಖರ್ಚಾಗಿ ಬರೆದರೆ ನಷ್ಟ ಹೆಚ್ಚುಕಡಿಮೆ ಮಾಯ ಆಗುತ್ತದೆ ಅಂದರು. ಎರಡನೆಯದು ಇನ್ನೂ ಮುಖ್ಯ, ಮೇಡಂ. ನಾವಿದ್ದ 'ಕಾನ್ಫರೆನ್ಸ್ ಯುಎಸ್‌ಎ' ಅನ್ನುವ ಗುಂಪಿನಲ್ಲಿ ಫುಟ್‌ಬಾಲ್ ಕಡ್ಡಾಯ. ಫುಟ್‌ಬಾಲ್ ಬಿಟ್ಟರೆ ಬಾಸ್ಕೆಟ್‌ಬಾಲ್‌ಗೂ, ಮಿಕ್ಕ ಎಲ್ಲ ಟೀಮಿಗೂ ಬೇರೆ ಮನೆ ಹುಡುಕಬೇಕು! ನಿಮ್ಮ ಕಾನ್ಫರೆನ್ಸಿನ ನಿಯಮಾವಳಿಯಲ್ಲಿ ಇದು ಹೇಗಿದೆ ಅಂತ ಮೊದಲು ಓದಿ.

2015ರ ಜೂನ್ 1ಕ್ಕೆ ತೀರ್ಮಾನ ವಾಪಸ್ ಬಂತು. ಊರಿನವರು, ಕಂಪನಿಗಳು ದುಡ್ಡು ಕೂಡಿಸಿದರು. 2017ರಲ್ಲಿ ಮತ್ತೆ ಮೈದಾನಕ್ಕೆ ಇಳಿದು 8 ಗೆದ್ದರು, 2018ರಲ್ಲಿ ಕಾನ್ಫರೆನ್ಸನ್ನೇ ಗೆದ್ದರು. 2023ರಲ್ಲಿ ಅದಕ್ಕಿಂತ ದೊಡ್ಡ ಕಾನ್ಫರೆನ್ಸಿಗೆ ಹೋದರು. ಖರ್ಚೂ ಬೆಳೆದಿದೆ. ಆದರೆ ಆ ಖರ್ಚಿನ ಒಂದು ಭಾಗ ಹೊರಲು ಊರು ಹೆಗಲು ಕೊಟ್ಟಿತು. ನಿಮ್ಮೂರು ಕೊಡುತ್ತದಾ? ಕೊಡುತ್ತೇವೆ ಅನ್ನುವವರು ಬರವಣಿಗೆಯಲ್ಲಿ ಕೊಡುತ್ತಾರಾ?

ಲಾಂಗ್ ಐಲ್ಯಾಂಡ್‌ನಿಂದ

ಬಿಟ್ಟು ಚೆನ್ನಾಗಿ ಇರುವವರೂ ಇದ್ದಾರೆ. ನಮ್ಮ ಪಕ್ಕದ ಹಾಫ್‌ಸ್ಟ್ರಾ 2009ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು, ವರ್ಷಕ್ಕೆ 45 ಲಕ್ಷ ಡಾಲರ್ ಉಳಿಸಿ ಪಾಠದ ಕಡೆ ಹಾಕುತ್ತೇವೆ ಅಂತ. ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ಅದಕ್ಕೆ ಕೆಲವೇ ದಿನ ಮುಂಚೆ ನಿಲ್ಲಿಸಿತ್ತು. ಇವರಿಬ್ಬರ ಮಿಕ್ಕ ಆಟಗಳನ್ನೂ ಕಾನ್ಫರೆನ್ಸ್ ಕೈಬಿಡಲಿಲ್ಲ, ಅದೇ ದೊಡ್ಡ ವ್ಯತ್ಯಾಸ. ಇನ್ನೂ ಹಿಂದೆ ಹೋದರೆ, ನಮ್ಮ ಎ. ಕೆ. ರಾಮಾನುಜನ್ ಪಾಠ ಹೇಳುತ್ತಿದ್ದ ಶಿಕಾಗೊ ಯೂನಿವರ್ಸಿಟಿ 1939ರಲ್ಲೇ ಫುಟ್‌ಬಾಲ್ ಬಿಟ್ಟಿತ್ತು. ವರ್ಷದ ಅತ್ಯುತ್ತಮ ಕಾಲೇಜು ಫುಟ್‌ಬಾಲ್ ಆಟಗಾರನಿಗೆ ಕೊಡುವ ಹೈಸ್‌ಮನ್ ಬಹುಮಾನವನ್ನು ಮೊದಲು ಪಡೆದವನು ಅಲ್ಲಿಯವನೇ. ಆ ಸ್ಟೇಡಿಯಂನ ಕಟ್ಟೆಯ ಕೆಳಗೇ 1942ರಲ್ಲಿ ಮೊದಲ ಪರಮಾಣು ಸರಣಿ ಕ್ರಿಯೆ ನಡೆದದ್ದು, ಕೆಮಿಸ್ಟ್ರಿಯವರಾದ ನಿಮಗೆ ಗೊತ್ತೇ ಇರುತ್ತದೆ. 1969ರಲ್ಲಿ ಫುಟ್‌ಬಾಲ್ ವಾಪಸ್ ಬಂತು. ಈಗಲೂ ಇದೆ, ಎನ್‌ಸಿಎಎಯ ಕೆಳಗಿನ ವಿಭಾಗವಾದ ಡಿವಿಷನ್ ತ್ರೀಯಲ್ಲಿ, ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದೆ. ಇಡುವುದು, ಬಿಡುವುದು ಎರಡೇ ದಾರಿ ಅಂತ ನಿಮ್ಮ ಕಮಿಟಿ ಅಂದುಕೊಂಡಿದ್ದರೆ ಇದನ್ನು ಹೇಳಿ.

ಐಡಹೊದಿಂದ

ಕೆಳಗೆ ಇಳಿದ ಕಥೆ ನಮ್ಮದು. 2016ರಲ್ಲಿ ಸನ್ ಬೆಲ್ಟ್ ಕಾನ್ಫರೆನ್ಸ್ ಐಡಹೊ ಯೂನಿವರ್ಸಿಟಿಯನ್ನು ಮುಂದುವರಿಸುವುದಿಲ್ಲ ಅಂದಿತು. ಎಫ್‌ಬಿಎಸ್‌ನಲ್ಲೇ ಒಂಟಿಯಾಗಿ ಒದ್ದಾಡುವ ಬದಲು, 2018ರಿಂದ ಎಫ್‌ಸಿಎಸ್‌ನ ಬಿಗ್ ಸ್ಕೈ ಕಾನ್ಫರೆನ್ಸ್‌ಗೆ ವಾಪಸ್ ಬಂದೆವು. ಹಾಗೆ ತಾನಾಗಿ ಇಳಿದ ಮೊದಲ ಕಾಲೇಜು ನಮ್ಮದು. ಆಗ ಹಳೆಯ ವಿದ್ಯಾರ್ಥಿಗಳಿಗೆ ಬಹಳ ನೋವಾಯಿತು, ಮರ್ಯಾದೆ ಹೋಯಿತು ಅಂದರು. ಆದರೆ ನೋಡಿ, ಸನ್ ಬೆಲ್ಟ್‌ನಲ್ಲಿ ಆಡಲು ಜಾರ್ಜಿಯಾ, ಲೂಸಿಯಾನಾಗೆ ಹಾರಬೇಕಿತ್ತು. ಈಗ ಮೊಂಟಾನಾದವರು ಬಸ್ಸಿನಲ್ಲಿ ಬರುತ್ತಾರೆ, ಅವರ ಜನವೂ ಬರುತ್ತಾರೆ. ನಮ್ಮ ಒಳಾಂಗಣದಲ್ಲಿ ಹಿಡಿಯುವುದೇ ಸುಮಾರು 16,000 ಜನ. ಮೊಂಟಾನಾ ಮ್ಯಾಚಿನ ದಿನ ಕೂಗು ಛಾವಣಿಗೆ ಬಡಿದು ವಾಪಸ್ ಬರುತ್ತದೆ. 2023, 2024 ಎರಡೂ ವರ್ಷ ಕ್ವಾರ್ಟರ್ ಫೈನಲ್‌ವರೆಗೆ ಹೋದೆವು. ನೀವು ಈಗ ಇರುವ ಮೆಟ್ಟಿಲು ಕೆಟ್ಟದ್ದೇನೂ ಅಲ್ಲ, ಅಷ್ಟೇ ಹೇಳಬೇಕಿತ್ತು.

ಕೊರ್ವಾಲಿಸ್, ಆರೆಗನ್‌ನಿಂದ

ಕರೆಯುತ್ತಿರುವ ಕಾನ್ಫರೆನ್ಸ್ ಐದು ವರ್ಷದ ಮೇಲೆ ಇರುತ್ತದೆಯಾ ಅಂತಲೂ ಕೇಳಿ. ನಮ್ಮ ಆರೆಗನ್ ಸ್ಟೇಟ್ 1915ರಿಂದ, ನಡುವೆ ಕೆಲವು ವರ್ಷ ಬಿಟ್ಟರೆ, ಪಶ್ಚಿಮ ಕರಾವಳಿಯ ಅದೇ ಗುಂಪಿನಲ್ಲಿತ್ತು; ಕೊನೆಗೆ ಅದರ ಹೆಸರು ಪ್ಯಾಕ್-12. 2022ರ ಜೂನ್ 30ಕ್ಕೆ ಲಾಸ್ ಏಂಜಲೀಸ್‌ನ ಎರಡು ಯೂನಿವರ್ಸಿಟಿಗಳು ಬಿಟ್ಟು ಹೋಗುತ್ತೇವೆ ಅಂದವು. 2023ರ ಸೆಪ್ಟೆಂಬರ್ 1ರ ಹೊತ್ತಿಗೆ 12ರಲ್ಲಿ ಹೋಗುತ್ತೇವೆ ಅನ್ನದೆ ಉಳಿದವರು ಇಬ್ಬರೇ, ನಾವು ಮತ್ತು ವಾಷಿಂಗ್ಟನ್ ಸ್ಟೇಟ್. ಸ್ಟ್ಯಾನ್‌ಫರ್ಡ್, ಬರ್ಕ್ಲಿಯಂಥವರೇ ಅಟ್ಲಾಂಟಿಕ್ ಕಡೆಯ ಎಸಿಸಿ ಕಾನ್ಫರೆನ್ಸ್‌ಗೆ ಸೇರಲು ಮೊದಲ ಏಳು ವರ್ಷ ಟಿವಿ ದುಡ್ಡಿನ ಪೂರ್ತಿ ಪಾಲಿನಲ್ಲಿ ಸುಮಾರು 30 ಶೇಕಡಾ ಮಾತ್ರ ಸಾಕು ಅಂತ ಒಪ್ಪಿದರು. ಡಲ್ಲಾಸ್‌ನ ಎಸ್‌ಎಂಯು ಒಂಬತ್ತು ವರ್ಷ ಟಿವಿ ದುಡ್ಡೇ ಬೇಡ ಅಂತ ಸೇರಿತು. ಟೆಕ್ಸಸ್, ಒಕ್ಲಹೋಮಾ ಒಂದು ವರ್ಷ ಬೇಗ ಹೊರಡಲು ತಮ್ಮ ಕಾನ್ಫರೆನ್ಸ್ ಆದ ಬಿಗ್ 12ಗೆ ಇಬ್ಬರೂ ಸೇರಿ 10 ಕೋಟಿ ಡಾಲರ್ ಕಟ್ಟಿದರು. ಸೇರುವ ಕಾಗದದಲ್ಲಿ ಹೊರಡುವ ದಂಡ ಎಷ್ಟು, ಟಿವಿ ಒಪ್ಪಂದ ಯಾವ ವರ್ಷ ಮುಗಿಯುತ್ತದೆ, ಹೊಸಬರಿಗೆ ಪೂರ್ತಿ ಪಾಲು ಯಾವಾಗಿನಿಂದ, ಈ ಮೂರನ್ನು ಓದದೆ ಸಹಿ ಬೇಡ.

ಕ್ಯಾಲಿಫೋರ್ನಿಯಾದಿಂದ, ಒಬ್ಬ ತಾಯಿ

ನೀವೆಲ್ಲ ಫುಟ್‌ಬಾಲ್ ಬಗ್ಗೆ ಹೇಳಿದ್ದೀರಿ. ನಾನು ಈಜುವ ಮಕ್ಕಳ ಬಗ್ಗೆ ಹೇಳಬೇಕು.

ನನ್ನ ಮಗಳು ಏಳನೇ ವಯಸ್ಸಿನಿಂದ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಈಜಿದವಳು. ಒಂದು ಕಾಲೇಜಿನ ಟೀಮಿಗೆ ಸೇರಿದಳು, ಹೆಸರು ಬೇಡ. ಎರಡನೇ ವರ್ಷ ಒಂದು ಮಧ್ಯಾಹ್ನ ಮೆಸೇಜ್ ಬಂತು, ಮೂರು ಗಂಟೆಗೆ ಎಲ್ಲರೂ ವಿಡಿಯೋ ಕರೆಗೆ ಬನ್ನಿ ಅಂತ. ಕರೆ ಮುಗಿಯಲು ಹತ್ತು ನಿಮಿಷವೂ ಆಗಲಿಲ್ಲ. ಕೋಚ್‌ಗೂ ಅವತ್ತು ಬೆಳಿಗ್ಗೆಯಷ್ಟೇ ಗೊತ್ತಾಗಿದ್ದಂತೆ. ಮಗಳು ನನಗೆ ಫೋನ್ ಮಾಡಿ ಮೊದಲು ಹೇಳಿದ್ದು, "ಅಮ್ಮಾ, ನನ್ನ ಟವೆಲ್ ಇನ್ನೂ ಒದ್ದೆ ಇದೆ" ಅಂತ. ಬೆಳಿಗ್ಗೆ ಪ್ರಾಕ್ಟೀಸ್ ಮಾಡಿ ಬಂದಿದ್ದಳು.

ಕಾರಣ ಕೇಳಿದಾಗ ಬಜೆಟ್ ಅಂದರು. ಅದೇ ವರ್ಷ ಫುಟ್‌ಬಾಲ್ ಕಡೆ ಯಾವುದೂ ಕಡಿಮೆ ಆಗಲಿಲ್ಲ. ನಾನು ಫುಟ್‌ಬಾಲ್ ವಿರೋಧಿ ಅಲ್ಲ. ಆದರೆ ಅದನ್ನು ಉಳಿಸಲು ಯಾರು ತೆರುತ್ತಾರೆ ಅನ್ನುವುದು ಫುಟ್‌ಬಾಲ್ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ, ಮೇಡಂ. ಸ್ಟ್ಯಾನ್‌ಫರ್ಡ್‌ನಂಥ ಶ್ರೀಮಂತ ಕಡೆಯೇ 2020ರಲ್ಲಿ 36 ಆಟಗಳಲ್ಲಿ 11 ನಿಲ್ಲಿಸುತ್ತೇವೆ ಅಂದಿತ್ತು. ಹಳೆಯ ಆಟಗಾರರು ಒಂದಾಗಿ ಹೋರಾಡಿ 2021ರ ಮೇನಲ್ಲಿ ಅದನ್ನು ವಾಪಸ್ ತೆಗೆಸಿದರು. ನಮ್ಮ ಮಕ್ಕಳಿಗೆ ಅಂಥ ಬಲ ಇರಲಿಲ್ಲ.

ಪ್ರಯಾಣದ್ದೂ ಕೇಳಿ. ಕಾನ್ಫರೆನ್ಸ್ ಬದಲಾಗುವುದು ಫುಟ್‌ಬಾಲ್‌ಗಾಗಿ. ಆದರೆ ಅವರು ಆಡುವುದು ವಾರಕ್ಕೊಂದು ಮ್ಯಾಚ್, ಅದೂ ಹೆಚ್ಚಾಗಿ ಶನಿವಾರ. ಸಾಫ್ಟ್‌ಬಾಲ್, ವಾಲಿಬಾಲ್ ಹುಡುಗಿಯರಿಗೆ ವಾರದ ಮಧ್ಯವೂ ಮ್ಯಾಚ್ ಇರುತ್ತದೆ. ಲಾಸ್ ಏಂಜಲೀಸ್‌ನ ಮಕ್ಕಳು ಈಗ ಬಿಗ್ ಟೆನ್ ಕಾನ್ಫರೆನ್ಸ್‌ಗಾಗಿ ನ್ಯೂಜೆರ್ಸಿಯ ರಟ್ಗರ್ಸ್‌ವರೆಗೆ ಹಾರಬೇಕು, ಮೂರು ಗಂಟೆ ಸಮಯ ವ್ಯತ್ಯಾಸ. ಮಾರನೇ ದಿನ ನಿಮ್ಮಂಥವರ ಲ್ಯಾಬಿಗೆ ಅವರು ಬರಬೇಕಲ್ವಾ? ಬೇರೆ ಆಟಗಳನ್ನು ಹತ್ತಿರದ ಕಾನ್ಫರೆನ್ಸಿನಲ್ಲೇ ಬಿಟ್ಟು ಫುಟ್‌ಬಾಲ್ ಒಂದನ್ನೇ ಕಳಿಸಲು ಆಗುತ್ತದಾ ಕೇಳಿ. ಮತ್ತೆ ಒಂದೇ ಒಂದು ಬರವಣಿಗೆ ಕೇಳಿ: ಈಗ ಸೇರಿರುವ ಮಕ್ಕಳು ಓದು ಮುಗಿಸುವವರೆಗೆ ಯಾವ ಟೀಮನ್ನೂ ನಿಲ್ಲಿಸುವುದಿಲ್ಲ ಅಂತ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆಯೇ ಎನ್‌ಸಿಎಎ ವರದಿಗೆ ಅರ್ಜಿ ಕೊಟ್ಟೆ. ಕಾನ್ಫರೆನ್ಸಿನ ನಿಯಮಾವಳಿ ಇವತ್ತು ಬಂತು, ರಾತ್ರಿ ಕೂತು ಓದಿದೆ. ನಾವು ಈಗ ಇರುವ ಕಡೆ ಫುಟ್‌ಬಾಲ್ ಇಲ್ಲದಿದ್ದರೂ ಮಿಕ್ಕ ಟೀಮುಗಳು ಉಳಿಯಬಹುದು. ಕರೆಯುತ್ತಿರುವ ಕಡೆ ಹಾಗಿಲ್ಲ. ಕಮಿಟಿಯಲ್ಲಿ ಇದುವರೆಗೆ ಯಾರೂ ಇದನ್ನು ಹೇಳಿರಲಿಲ್ಲ.

ಈಜಿನ ತಾಯಿ ಕೇಳಿದ ಬರವಣಿಗೆಯ ವಿಷಯ ನಾನೇ ಎತ್ತುತ್ತೇನೆ. ನನ್ನ ಕ್ಲಾಸಿನಲ್ಲಿ ಇಬ್ಬರು ಈಜುಗಾರ್ತಿಯರು ಇದ್ದಾರೆ, ಸೋಮವಾರದ ಲ್ಯಾಬಿಗೆ ಕೂದಲು ಒದ್ದೆ ಇಟ್ಟುಕೊಂಡೇ ಬರುತ್ತಾರೆ. ಮೀಟಿಂಗ್ ಗುರುವಾರ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.