ತೀರಿಹೋದ ಅಪ್ಪನ ಐಟಿ ರಿಟರ್ನ್ ಹೇಗೆ ಹಾಕುವುದು? ಪಿಂಚಣಿ, ಎಫ್‌ಡಿ, ಕಾಫಿ ತೋಟ ಮೂರೂ ಇವೆ

ನಾಪೋಕ್ಲು ಮಗಳು:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಹುತ್ತರಿ (ನವೆಂಬರ್-ಡಿಸೆಂಬರ್ ಹೊತ್ತಿನ ನಮ್ಮ ಕೊಡಗಿನ ಸುಗ್ಗಿ ಹಬ್ಬ) ಕಳೆದ ಮೇಲೆ ಅಪ್ಪ ತೀರಿಹೋದರು. ಸೇನೆಯಲ್ಲಿದ್ದವರು, ಪಿಂಚಣಿ ಬರುತ್ತಿತ್ತು. ಬ್ಯಾಂಕಿನಲ್ಲಿ ಎಫ್‌ಡಿ ಇದೆ, ಜೊತೆಗೆ ರೊಬಸ್ಟಾ ತೋಟ, ಒಂದಿಷ್ಟು ಕರಿಮೆಣಸು. ಬಡ್ಡಿಗೆ ಟಿಡಿಎಸ್ ಹಿಡಿದಿದ್ದಾರೆ, ರಿಟರ್ನ್ ಹಾಕಿದರೆ ವಾಪಸ್ ಬರಬಹುದು. ಅಪ್ಪನ ಪಾಸ್‌ವರ್ಡ್ ಡೈರಿಯಲ್ಲಿದೆ, ಸಿಮ್ ಕೂಡ ಚಾಲೂ ಇದೆ, ಅದರಲ್ಲೇ ಒಳಗೆ ಹೋಗಿ ಹಾಕಿಬಿಡಿ ಅಂತ ಪರಿಚಯದವರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇನ್ನೊಬ್ಬರು ಮೊದಲು ಪೌತಿ ಖಾತೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸುವುದು) ಆಗಲಿ ಎನ್ನುತ್ತಾರೆ. ನಮ್ಮದು ಜಮ್ಮಾ ಜಾಗ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ), ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಕಾಲದ ಹೆಸರುಗಳೇ ಇವೆ, ಅದು ಸರಿಯಾಗಲಿ ಅಂತ ಕೂತರೆ ರಿಟರ್ನ್ ಹಾಕುವ ಕೊನೇ ದಿನ ಜುಲೈ 31 ದಾಟಿಯೇ ಹೋಗುತ್ತದೆ. ಏನು ಮಾಡಲಿ?

ಮಡಿಕೇರಿ ಲೆಕ್ಕಪತ್ರ:
ಅಕ್ಕ, ನಿಮ್ಮ ಮನಸ್ಸು ಹೇಳಿದ್ದೇ ಸರಿ. ತೀರಿಹೋದವರ ಲಾಗಿನ್‌ನಲ್ಲಿ ಅವರೇ ಸಹಿ ಹಾಕಿದ ಹಾಗೆ ರಿಟರ್ನ್ ಕಳಿಸಬಾರದು. ನಾಳೆ ನೋಟಿಸ್ ಬಂದರೆ ಉತ್ತರ ಕೊಡುವವರು ನೀವೇ ಅಲ್ವಾ?

ನಿಮ್ಮ ಪ್ಯಾನ್‌ನಿಂದ ಇ-ಫೈಲಿಂಗ್ ಪೋರ್ಟಲ್‌ಗೆ ಹೋಗಿ, ಅಪ್ಪನ ಕಾನೂನುಬದ್ಧ ವಾರಸುದಾರರು ಅಂತ ನೋಂದಾಯಿಸಿಕೊಳ್ಳಿ. ಆಥರೈಸ್ಡ್ ಪಾರ್ಟ್‌ನರ್ಸ್ ಅನ್ನುವ ಮೆನುವಿನಲ್ಲಿ ರೆಪ್ರೆಸೆಂಟೇಟಿವ್ ಅಸೆಸಿ (ಬೇರೆಯವರ ಪರವಾಗಿ ರಿಟರ್ನ್ ಹಾಕುವವರು) ಅಂತ ಸಿಗುತ್ತದೆ. ಅಪ್ಪನ ಪ್ಯಾನ್, ಡೆತ್ ಸರ್ಟಿಫಿಕೇಟ್, ನಿಮ್ಮ ಪ್ಯಾನ್, ಮತ್ತೆ ವಾರಸುದಾರರು ಅನ್ನುವುದಕ್ಕೆ ಒಂದು ದಾಖಲೆ ಬೇಕು. ನಾಡಕಚೇರಿಯಲ್ಲಿ ಕೊಡುವ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ನಡೆಯುತ್ತದೆ. ನೋಂದಾಯಿತ ವಿಲ್ ಇದ್ದರೆ ಅದೂ ಆಗುತ್ತದೆ. ಅಪ್ಪನ ಖಾತೆಗೆ ನೀವು ನಾಮಿನಿ ಆಗಿದ್ದರೆ ಬ್ಯಾಂಕಿನವರು ಕೊಡುವ ಪತ್ರವೂ ಸಾಕು. ಪೌತಿ ಖಾತೆಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಅದು ಕಂದಾಯ ಇಲಾಖೆಯ ಕೆಲಸ, ಅದರ ಪಾಡಿಗೆ ಅದು ನಡೆಯಲಿ. ಮಕ್ಕಳು ಎಷ್ಟೇ ಜನ ಇರಲಿ, ಒಬ್ಬರು ನೋಂದಾಯಿಸಿಕೊಂಡರೆ ಸಾಕು. ಅಮ್ಮನನ್ನು ಸುಮ್ನೆ ಓಡಾಡಿಸಬೇಡಿ.

ನೋಂದಣಿಗೆ ಒಪ್ಪಿಗೆ ಸಿಕ್ಕ ಮೇಲೆ ಅಪ್ಪನ ಪರವಾಗಿ ನೀವು ರಿಟರ್ನ್ ಹಾಕಿ, ನೀವೇ ವೆರಿಫೈ ಮಾಡಬಹುದು. ಲೆಕ್ಕ ಏಪ್ರಿಲ್ 1ರಿಂದ ತೀರಿಹೋದ ದಿನದವರೆಗೆ ಮಾತ್ರ. ಅರ್ಧ ವರ್ಷ ಬದುಕಿದ್ದರು ಅಂತ ತೆರಿಗೆ ವಿನಾಯಿತಿ ಮಿತಿ ಅರ್ಧ ಆಗುವುದಿಲ್ಲ, ಪೂರ್ತಿ ಮಿತಿಯೇ ಸಿಗುತ್ತದೆ. ಹಾಗಾಗಿ ನಿಮಗೆ ರಿಫಂಡ್ ಬರುವ ಸಾಧ್ಯತೆ ಜಾಸ್ತಿ. ತೆರಿಗೆ ಕಟ್ಟಬೇಕಾಗಿ ಬಂದರೂ ಹೆದರಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯ 159ನೇ ಸೆಕ್ಷನ್ ಪ್ರಕಾರ ವಾರಸುದಾರರ ಹೊಣೆ ಅಪ್ಪ ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ.

ಸುಂಟಿಕೊಪ್ಪ ತೋಟದವ:
ತೋಟದ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ಲ ಅಂತ ಪಿಂಚಣಿದಾರರು ಐಟಿಆರ್-1 ಹಾಕಿಬಿಡುತ್ತಾರೆ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಆ ಫಾರಂ ಬಳಸುವ ಹಾಗಿಲ್ಲ, ಐಟಿಆರ್-2 ಬೇಕು. ಬೇರೆ ಆದಾಯ ವಿನಾಯಿತಿ ಮಿತಿ ದಾಟಿದ್ದರೆ ತೆರಿಗೆಯ ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸುತ್ತಾರೆ. ಅದಕ್ಕೇ ಅದನ್ನು ತೋರಿಸದೆ ಬಿಡಬೇಡಿ.

ಅಪ್ಪ ಕಾಫಿಯನ್ನು ಕಣದಲ್ಲಿ ಒಣಗಿಸಿ ಚೆರ್ರಿಯಾಗಿಯೇ (ಸಿಪ್ಪೆ ಸಮೇತ ಒಣಗಿದ ಹಣ್ಣು) ಮಾರುತ್ತಿದ್ದರಾ, ಇಲ್ಲ ಕ್ಯೂರಿಂಗ್ (ಸಿಪ್ಪೆ ತೆಗೆಸಿ ಬೀಜ ಬೇರೆ ಮಾಡಿಸುವುದು) ಮಾಡಿಸಿ ಮಾರುತ್ತಿದ್ದರಾ? ಕ್ಯೂರಿಂಗ್ ಮಾಡಿಸಿ ಮಾರಿದ್ದರೆ ಆದಾಯ ತೆರಿಗೆಯ 7ಬಿ ನಿಯಮದ ಪ್ರಕಾರ ಆ ಆದಾಯದ ಶೇ. 25 ಭಾಗ ವ್ಯಾಪಾರದ ಆದಾಯ, ಹುರಿದು ಪುಡಿ ಮಾಡಿ ಮಾರಿದ್ದರೆ ಶೇ. 40. ಆಗ ಫಾರಂ ಕೂಡ ಬದಲಾಗುತ್ತದೆ, ಒಬ್ಬ ಆಡಿಟರ್ ಹತ್ತಿರ ತೋರಿಸಿಬಿಡಿ.

ಇನ್ನೊಂದು, ಹುತ್ತರಿ ಕಳೆದ ಮೇಲೆ ಅಂದಿರಲ್ಲ, ಅಂದರೆ ಆ ವರ್ಷದ ರೊಬಸ್ಟಾ ಕೊಯ್ಲಿನ ಬಹುಪಾಲು ಅವರು ಹೋದ ಮೇಲೆಯೇ ಆಗಿರುತ್ತದೆ. ಆ ಫಸಲು ಮಾರಿ ಬಂದ ದುಡ್ಡು ಅಪ್ಪನ ರಿಟರ್ನ್‌ಗೆ ಬರುವುದಿಲ್ಲ. ಬೆಲೆ ಏರಲಿ ಅಂತ ಇಟ್ಟಿದ್ದ ಹಳೇ ಚೀಲಗಳನ್ನು ಮಳೆಗಾಲದಲ್ಲಿ ಅವರೇ ಮಾರಿದ್ದರೆ ಅದು ಅವರದು. ವ್ಯಾಪಾರಿ ಕೊಟ್ಟ ಚೀಟಿಗಳ ದಿನಾಂಕ ನೋಡಿ ಬೇರೆ ಬೇರೆ ಇಡಿ.

ನಾಪೋಕ್ಲು ಮಗಳು:
ಇಬ್ಬರಿಗೂ ತುಂಬಾ ಧನ್ಯವಾದ, ತಲೆ ಮೇಲಿನ ಭಾರ ಇಳಿಯಿತು. ಅಪ್ಪ ಚೆರ್ರಿಯೇ ಮಾರುತ್ತಿದ್ದದ್ದು. ಎಫ್‌ಡಿ ಬಡ್ಡಿ ಮಾರ್ಚ್‌ವರೆಗೂ ಅಪ್ಪನ ಪ್ಯಾನ್‌ನಲ್ಲೇ ತೋರಿಸುತ್ತಿದೆ. ಅದನ್ನೇನು ಮಾಡುವುದು? ಅಮ್ಮನಿಗೆ ಈಗ ಬರುವ ಫ್ಯಾಮಿಲಿ ಪಿಂಚಣಿ?

ಮಡಿಕೇರಿ ಲೆಕ್ಕಪತ್ರ:
ಬ್ಯಾಂಕಿಗೆ ಇನ್ನೂ ಡೆತ್ ಸರ್ಟಿಫಿಕೇಟ್ ಕೊಟ್ಟಿಲ್ಲ ಅನ್ನಿಸುತ್ತದೆ, ಮೊದಲು ಅದನ್ನು ಕೊಡಿ. ತೀರಿಹೋದ ದಿನದವರೆಗಿನ ಬಡ್ಡಿ ಎಷ್ಟು, ನಂತರದ್ದು ಎಷ್ಟು ಅಂತ ಬರೆಸಿಕೊಳ್ಳಿ. ನಂತರದ ಬಡ್ಡಿ ಎಫ್‌ಡಿ ಯಾರ ಪಾಲಿಗೆ ಬರುತ್ತದೋ ಅವರ ಆದಾಯ. ಆ ಭಾಗದ ಟಿಡಿಎಸ್ ಅವರ ರಿಟರ್ನ್‌ನಲ್ಲಿ ಕೇಳಬಹುದು, ಟಿಡಿಎಸ್ ಪಟ್ಟಿಯಲ್ಲಿ ಬೇರೆಯವರ ಪ್ಯಾನ್‌ನಲ್ಲಿ ಹಿಡಿದದ್ದು ಅಂತ ತೋರಿಸುವ ಜಾಗ ಇದೆ. ಫ್ಯಾಮಿಲಿ ಪಿಂಚಣಿ ಅಮ್ಮನ ಆದಾಯ. ಅದು ಸಂಬಳದ ಕೆಳಗೆ ಬರುವುದಿಲ್ಲ, ಇತರ ಮೂಲಗಳ ಆದಾಯದಲ್ಲಿ ಬರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ ಅದರ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು.

ವಿರಾಜಪೇಟೆ ಮಾಜಿ ಸೈನಿಕ:
ಮಗಳೇ, ಅಪ್ಪ ಹೋದ ಮೇಲೂ ಅವರ ಪಿಂಚಣಿ ಖಾತೆಗೆ ಬಂದಿದ್ದರೆ ಮುಟ್ಟಬೇಡ, ಅದನ್ನು ವಾಪಸ್ ಕೊಡಬೇಕಾಗುತ್ತದೆ. ಸೇನಾ ಪಿಂಚಣಿಯ ಪೋರ್ಟಲ್ ಸ್ಪರ್ಶ್‌ನಲ್ಲಿ ವಿಷಯ ತಿಳಿಸಿದ್ದೀರಾ ನೋಡು. ಆ ಬ್ಯಾಂಕ್ ಖಾತೆಯನ್ನು ಅವಸರದಲ್ಲಿ ಮುಚ್ಚಿಸಬೇಡ, ರಿಫಂಡ್ ಎಲ್ಲಿಗೆ ಬರುತ್ತದೆ ಅಂತ ಖಚಿತ ಮಾಡಿಕೊಂಡು ಮುಚ್ಚಿಸು. ಪ್ಯಾನ್ ವಾಪಸ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. ನಾಡಕಚೇರಿ ಅರ್ಜಿ ಮಾತ್ರ ಈ ವಾರವೇ ಕೊಡು, ಮಳೆ ಜೋರಾದರೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.