ಉಜ್ಜಿದ ತಿಂಗಳಿಗೇ ಹೆಡ್‌ಲೈಟ್ ಮತ್ತೆ ಹಳದಿ

ಪ್ರಶ್ನೆ: 2012ರ ಹ್ಯಾಚ್‌ಬ್ಯಾಕ್. ಟೂತ್‌ಪೇಸ್ಟ್, ಆಮೇಲೆ ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದ್ದಕ್ಕೆ ಗಾಜು ಫಳಫಳ ಅನ್ನುತ್ತಿತ್ತು. ತಿಂಗಳೊಳಗೆ ಮೇಲಂಚು ಹಳದಿ, ನಡುವೆ ಅಲ್ಲಲ್ಲಿ ಮಬ್ಬು ಕಲೆ. ಹೊಸ ಸೆಟ್ ಹಾಕಿಸದೆ ದಾರಿ ಇದೆಯಾ?

ಉತ್ತರ: ಇದೆ ಸಾರ್. ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಬಿಸಿಲಿನ ಯುವಿ ತಡೆಯಲು ಅದರ ಮೇಲೆ ತಯಾರಾಗುವಾಗಲೇ ಒಂದು ಗಟ್ಟಿ ಕೋಟಿಂಗ್ ಇರುತ್ತದೆ. ನಿಮ್ಮದು ಅರ್ಧ ಸವೆದು ಅರ್ಧ ಉಳಿದಿದೆ, ಕಲೆ ಅದರದ್ದೇ. ಸವೆದ ಕಡೆ ಬರಿ ಪ್ಲಾಸ್ಟಿಕ್ ಬಿಸಿಲಿಗೆ ಸಿಕ್ಕಿದೆ.

ಮೊದಲು ನೀರು ಸುರಿದು ನೋಡಿ. ಒದ್ದೆಯಾದಾಗ ಮಬ್ಬು ಮಾಯವಾದರೆ ದೋಷ ಹೊರಗಿದೆ. ಹಾಗೇ ಇದ್ದರೆ ಒಳಗಿದೆ, ತಿಕ್ಕಿ ಪ್ರಯೋಜನವಿಲ್ಲ.

ಸುತ್ತ ಬಾನೆಟ್, ಬಂಪರ್‌ಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು. 800 ನಂಬರ್ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನಯ) ಮೆತ್ತನೆ ರಬ್ಬರ್ ಬ್ಲಾಕಿಗೆ ಸುತ್ತಿ, ಎರಡು ಹನಿ ಶಾಂಪೂ ಬೆರೆಸಿದ ನೀರು ಬಿಡುತ್ತಾ ಅಡ್ಡಕ್ಕೆ ಉಜ್ಜಿ. ಮೊದಲು ಹಳದಿ ರಾಡಿ ಇಳಿಯುತ್ತದೆ. ಅದು ಹಾಲಿನಂತೆ ಬೆಳ್ಳಗಾಗುವವರೆಗೆ 800 ಬಿಡಬೇಡಿ, ಎಲ್ಲರೂ ಅವಸರ ಪಡುವುದು ಇಲ್ಲೇ. ಒರೆಸಿ ಒಣಗಿಸಿದರೆ ಇಡೀ ಲೆನ್ಸ್ ಒಂದೇ ಸಮ ಮಂಕಾಗಿ ಕಾಣಬೇಕು. ನಕಾಶೆಯ ಗೆರೆಯಂಥ ಅಂಚು ಕಂಡರೆ ಅಲ್ಲಿ ಹಳೇ ಕೋಟಿಂಗ್ ಉಳಿದಿದೆ. ಆಮೇಲೆ 1000 ಉದ್ದಕ್ಕೆ, 1500 ಮತ್ತೆ ಅಡ್ಡಕ್ಕೆ. ಹಿಂದಿನ ಪೇಪರಿನ ಗೀರು ಪೂರ್ತಿ ಹೋದ ಮೇಲಷ್ಟೇ ಮುಂದಿನದು.

1500ಕ್ಕೆ ನಿಲ್ಲಿಸಿ. ಪಾಲಿಷ್ ಮಾಡಿ ನುಣುಪಾದರೆ ಮೇಲೆ ಸ್ಪ್ರೇ ಮಾಡುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಹಿಡಿಯುವುದಿಲ್ಲ, ಸಣ್ಣ ಗೀರುಗಳನ್ನು ಅದೇ ತುಂಬಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಥಿನ್ನರ್ ಮುಟ್ಟಿಸಲೇಬೇಡಿ, ಲೆನ್ಸ್ ತುಂಬ ಕೂದಲೆಳೆ ಬಿರುಕು ಬೀಳುತ್ತದೆ. ಯುವಿ ತಡೆಯುವ 2ಕೆ ಕ್ಲಿಯರ್ ತನ್ನಿ, ಅಂದರೆ ಗಟ್ಟಿಯಾಗಿಸುವ ಹಾರ್ಡನರ್ ಬೆರೆಯುವ ಎರಡು ಭಾಗದ ಕ್ಲಿಯರ್ ಕೋಟ್. ಮೊದಲು ತುಂತುರಿನಷ್ಟು ತೆಳು ಕೋಟ್, ಹತ್ತು ನಿಮಿಷ ಬಿಟ್ಟು ಎರಡು ತುಂಬು ಕೋಟ್. ಇದರಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೊಸಯನೇಟ್ ರಾಸಾಯನಿಕ ಇದೆ. ಬಟ್ಟೆ ಮಾಸ್ಕ್ ಸಾಲದು, ಆವಿ ಸೋಸುವ ಫಿಲ್ಟರ್ ಡಬ್ಬಿ ಇರುವ ಕಾರ್ಟ್ರಿಜ್ ಮಾಸ್ಕ್ ಹಾಕಿ ಬಯಲಲ್ಲಿ ಹೊಡೆಯಿರಿ.

ಮರುಪ್ರಶ್ನೆ: ಸ್ಪ್ರೇ ರಗಳೆ ಬೇಡ ಅಂದರೆ? ವ್ಯಾಕ್ಸ್ ಸಾಲದಾ?

ಇನ್ನೊಂದು ಉತ್ತರ: ಆಗುತ್ತದೆ, ಬಾಳಿಕೆ ಕಡಿಮೆ. ಆಗ 1500ರ ನಂತರ 2000, 3000 ಮಾಡಿ ಕಾಂಪೌಂಡ್ ಹಾಕಿ. ಮೆಷಿನ್ ಇದ್ದರೆ ಕಡಿಮೆ ಸ್ಪೀಡು, ಒಂದೇ ಕಡೆ ಒತ್ತಿ ಹಿಡಿದರೆ ಪ್ಲಾಸ್ಟಿಕ್ ಕರಗುತ್ತದೆ. ವ್ಯಾಕ್ಸ್ ತಿಂಗಳಿಗೊಮ್ಮೆ ಹಚ್ಚುತ್ತಿರಬೇಕು.

ಸ್ಪ್ರೇ ಮಾಡುವುದಾದರೆ ಮೋಡ ಕವಿದ, ತೇವದ ದಿನ ಬೇಡ, ಕ್ಲಿಯರ್ ಬಿಳಿಚುತ್ತದೆ. ಟೇಪನ್ನು ಕೊನೇ ಕೋಟ್ ಇನ್ನೂ ಅಂಟಂಟಾಗಿರುವಾಗಲೇ ಕೀಳಿ. ಗಟ್ಟಿಯಾದ ಮೇಲೆ ಕಿತ್ತರೆ ಅಂಚಿನ ಪದರವೂ ಅದರ ಜೊತೆ ಎದ್ದು ಬರುತ್ತದೆ.