ಪದ ಬೇಕು: ಎಡಗೈ ಕೋವಿಯ ‘ಕಾಸ್ಟ್’ಗೆ ಕನ್ನಡದಲ್ಲಿ ಏನು? (ನಾಳೆ ಹತ್ತಕ್ಕೆ ಪ್ರೆಸ್ಸಿಗೆ)

ಕೋಥರೂಡ್, ಪುಣೆ – ಸಂಜೆ 6.10

ಎಲ್ಲರಿಗೂ ನಮಸ್ಕಾರ. ಅರ್ಜೆಂಟ್ ಇದೆ, ಬೈಯಬೇಡಿ. ಇಲ್ಲಿ ಕೋವಿ ರಿಪೇರಿ ಮಾಡುವ ಒಬ್ಬರು ಅಂಗಡಿಗೆ ಕನ್ನಡದಲ್ಲಿ ಒಂದು ಬೋರ್ಡು, ನಾಲ್ಕು ಪುಟದ ಒಂದು ಕೈಪಿಡಿ ಕೇಳಿದ್ದಾರೆ. ಅವರಿಗೆ ಕೊಡಗು, ಬೆಳಗಾವಿ ಕಡೆಯ ಗಿರಾಕಿಗಳು ಜಾಸ್ತಿಯಂತೆ. ಎಡಗೈಯಲ್ಲಿ ಹೊಡೆಯುವವರು ಶಾಟ್‌ಗನ್ ಕೊಳ್ಳುವಾಗ ಮೈಗೆ ಹೊಂದುವುದನ್ನು ಹೇಗೆ ಆರಿಸಬೇಕು ಅನ್ನುವುದು ವಿಷಯ. ಮರಾಠಿ ಪ್ರತಿ ತಯಾರಿದೆ, ಅದರಲ್ಲಿ ಅರ್ಧ ಇಂಗ್ಲಿಷೇ.

ನನಗಿಂತ ಮೊದಲು ಯಾರೋ (ಅಥವಾ ಯಾವುದೋ ಯಂತ್ರ) ಮಾಡಿದ ಕನ್ನಡವೂ ಕೈಗೆ ಸಿಕ್ಕಿದೆ. ಅದರಲ್ಲಿ ಸ್ಟಾಕ್ (ಹೆಗಲಿಗೆ ಒತ್ತುವ ಮರದ ಭಾಗ) ಹೋಗಿ ‘ದಾಸ್ತಾನು’ ಆಗಿದೆ, ಕೋಂಬ್ (ಆ ಮರದ ಮೇಲೆ ಕೆನ್ನೆ ಕೂರುವ ಅಂಚು) ಹೋಗಿ ‘ಬಾಚಣಿಗೆ’ ಆಗಿದೆ. ‘ಎಡಗೈ ದಾಸ್ತಾನಿನ ಬಾಚಣಿಗೆಗೆ ಕೆನ್ನೆ ಒತ್ತಿ’ ಎಂದು ಓದಿ ತುಂಬಾ ಹೊತ್ತು ನಕ್ಕೆ. ಆಮೇಲೆ ಅದರ ಬದಲು ಏನು ಬರೆಯಬೇಕೋ ಗೊತ್ತಾಗದೆ ಸುಮ್ಮನಾದೆ.

ಸ್ಟಾಕ್, ಕೋಂಬ್, ಲೆಂತ್ ಆಫ್ ಪುಲ್, ಕಾಸ್ಟ್-ಆನ್, ಕಾಸ್ಟ್-ಆಫ್ (ಸ್ಟಾಕ್ ಪಕ್ಕಕ್ಕೆ ಬಾಗಿರುವುದು), ಮಾಸ್ಟರ್ ಐ. ಇಷ್ಟಕ್ಕೆ ಪದ ಬೇಕು. ಬೋರ್ಡಿನ ಮೇಲೆ ಹಾಕಲು ‘ಎಡಗೈಯವರಿಗೆ’ ಎಂದರೆ ಸಾಕೋ, ‘ಎಡಚರಿಗೆ’ ಎನ್ನಬೇಕೋ, ಅದನ್ನೂ ಹೇಳಿ.

ಡೊಂಬಿವಲಿ – 6.35

ಮೊದಲು ಶಾಟ್‌ಗನ್ ತೆಗೆಯಿರಿ. ‘ಕೋವಿ’ ಅನ್ನಿ. ಕೋವಿ ಎಂದರೆ ಕೊಳವೆ, ಕಮ್ಮಾರನ ತಿದಿಯ ಕೊಳವೆಗೂ ಅದೇ ಮಾತು. ಮರಾಠಿಯವರ ಸಹವಾಸದಲ್ಲಿ ನಮ್ಮವರೂ ‘ಬಂದೂಕು’ ಶುರು ಮಾಡಿದ್ದಾರೆ. ಅದು ಅರಬ್ಬಿಯ ಬುಂದುಕ್, ಅರ್ಥ ಒಂದು ಜಾತಿಯ ಕಾಯಿ. ಕಾಯಿಯಿಂದ ಉಂಡೆ, ಉಂಡೆಯಿಂದ ಅದನ್ನು ಹಾರಿಸುವ ಸಾಮಾನು. ‘ತುಪಾಕಿ’ ತುರ್ಕಿಯದು. ಎರಡೂ ಬೇಡ.

ಕೋಥರೂಡ್, ಪುಣೆ – 6.41

ಸರಿ ಸಾರ್, ಕೋವಿ ಎಂದೇ ಇಡುತ್ತೇನೆ. ಕಾಸ್ಟ್‌ಗೆ ಏನು?

ಮಾಟುಂಗ – 7.05

‘ಸವ್ಯಸಾಚಿ’ ಇದೆಯಲ್ಲ! ಸವ್ಯ ಎಂದರೆ ಎಡ. ಅರ್ಜುನನ ಹೆಸರು. ಬೋರ್ಡಿನ ಮೇಲೆ ‘ಸವ್ಯಸಾಚಿ ಕೋವಿ’ ಎಂದರೆ ಎಷ್ಟು ಚೆನ್ನಾಗಿರುತ್ತದೆ ನೋಡಿ.

ಠಾಣೆ – 7.12

ಅರ್ಜುನ ಎರಡೂ ಕೈಯಲ್ಲಿ ಬಿಡುತ್ತಿದ್ದ. ಗಿರಾಕಿಗೆ ಬಲಗೈ ಬರುವುದಿಲ್ಲ, ಅದೇ ಅವನ ತೊಂದರೆ. ಪದ ತಪ್ಪು.

ನಮ್ಮ ಧಾರವಾಡದ ಕಡೆ ‘ರೊಡ್ಡ’ ಅಂತೀವಿ. ಎಡಗೈಯಲ್ಲಿ ಉಣ್ಣುವವ, ಬರೆಯುವವ, ಹೊಡೆಯುವವ, ಎಲ್ಲ ರೊಡ್ಡನೇ. ಒಳ್ಳೆ ಹಳೆಯ ಮಾತು. ಆದರೆ ಬೋರ್ಡಿನ ಮೇಲೆ ಹಾಕಿದರೆ ಮೈಸೂರಿನವನಿಗೆ ತಿಳಿಯುವುದಿಲ್ಲ, ನಮ್ಮವನಿಗೆ ಸಿಟ್ಟು ಬರುತ್ತದೆ. ‘ಎಡಚ’ದ ಹಣೆಬರಹವೂ ಅದೇ. ಮನೆಯಲ್ಲಿ ಅಜ್ಜಿ ಕರೆದರೆ ಮುದ್ದು, ಅಂಗಡಿಯವನು ಕರೆದರೆ ಜಗಳ.

ಚೆಂಬೂರ್ – 7.30

ಇಷ್ಟೆಲ್ಲ ಯಾಕೆ? ಕಾಸ್ಟ್, ಕೋಂಬ್, ಸ್ಟಾಕ್ ಹಾಗೇ ಇಡಿ. ಕೋವಿ ಕೊಳ್ಳುವವನಿಗೆ ಆ ಮಾತು ಗೊತ್ತಿರುತ್ತದೆ. ಗೊತ್ತಿಲ್ಲದವನಿಗೆ ನೀವು ಕಟ್ಟಿದ ಕನ್ನಡವೂ ಗೊತ್ತಿರುವುದಿಲ್ಲ. ನಮ್ಮ ತುಳುವಿನಲ್ಲಿ ಕೋವಿಗೆ ‘ಬೆಡಿ’ ಎಂಬ ಚಂದದ ಮಾತಿದೆ. ಆದರೂ ಅದರ ಬಿಡಿಭಾಗಕ್ಕೆ ನಮ್ಮ ಮಾವ ಇಂಗ್ಲಿಷಿನದೇ ಹೆಸರು ಹೇಳುತ್ತಿದ್ದರು. ಯಾರ ಪ್ರಾಣವೂ ಹೋಗಲಿಲ್ಲ.

ಠಾಣೆ – 7.34

‘ಎಡಗೈ ಕಾಸ್ಟ್’. ಕನ್ನಡ ಲಿಪಿಯಲ್ಲಿ ಬರೆದು ಒಮ್ಮೆ ಜೋರಾಗಿ ಓದಿ. ಊರ ಕಡೆ ಎಡಗೈ, ಬಲಗೈ ಎಂದರೆ ಪಂಗಡ. ಅದರ ಪಕ್ಕ ‘ಕಾಸ್ಟ್’ ಬೇರೆ. ಪುಣೆಯ ಅಂಗಡಿಯವನು ಜಾತಿ ಕೇಳಿ ಕೋವಿ ಮಾರುತ್ತಾನೆ ಅನ್ನಿಸುತ್ತದೆ. ‘ಎಡಗೈಯವರಿಗೆ’ ಬೋರ್ಡಿಗೂ ಅದೇ ಮಾತು ಅನ್ವಯಿಸುತ್ತದೆ.

ಚೆಂಬೂರ್ – 7.36

ಅದು ಹೊಳೆದಿರಲಿಲ್ಲ. ಕಾಸ್ಟ್ ಒಂದನ್ನು ಬಿಡಿ. ಉಳಿದದ್ದಕ್ಕೆ ನನ್ನ ಮಾತು ಅದೇ.

ಮಡಗಾಂವ್, ಗೋವಾ – 8.20

ಈಗ ನೋಡಿದೆ. ನಾನು ಸಕಲೇಶಪುರದ ಕಡೆಯವನು, ಎಡಗೈಯವನು, ಮೂವತ್ತು ವರ್ಷ ಕೋವಿ ಹಿಡಿದವನು. ಇಲ್ಲಿಯವರೆಗೆ ಮಾತಾಡಿದವರಲ್ಲಿ ಯಾರೂ ಕೋವಿಯನ್ನು ಹೆಗಲಿಗೆ ಇಟ್ಟು ನೋಡಿದಂತಿಲ್ಲ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಾಸ್ಟ್. ನಳಿಗೆಯ ನೇರಕ್ಕೆ ಒಂದು ದಾರ ಹಿಡಿದರೆ ಮರದ ಹಿಡಿಯ ಬುಡ ಆ ದಾರದ ಮೇಲೆ ಬರುವುದಿಲ್ಲ. ಸ್ವಲ್ಪ ಪಕ್ಕಕ್ಕೆ ಬಾಗಿರುತ್ತದೆ. ಬಲಗೈಯವನ ಕೋವಿಯಲ್ಲಿ ಬಲಕ್ಕೆ ಬಾಗುತ್ತದೆ. ಆಗ ಅವನ ಮುಖಕ್ಕೆ ಜಾಗ ಸಿಕ್ಕಿ ಕಣ್ಣು ನಳಿಗೆಯ ನೇರಕ್ಕೆ ಬರುತ್ತದೆ. ಇದನ್ನು ಇಂಗ್ಲಿಷಿನವರು ‘ಆಫ್’ ಅಂತಾರೆ, ಅಂದರೆ ಮುಖದಿಂದ ದೂರ. ಎಡಕ್ಕೆ ಬಾಗಿದರೆ ‘ಆನ್’, ಅಂದರೆ ಮುಖದ ಕಡೆಗೆ. ಯಾರ ಮುಖ? ಬಲಗೈಯವನದು! ನನಗೆ ‘ಆನ್’ ಅನ್ನುವುದೇ ಮುಖದಿಂದ ದೂರ. ಆ ಎರಡು ಪದವೇ ಬಲಗೈಯವು. ಅವನ್ನು ಅರ್ಥ ನೋಡಿ ಅನುವಾದ ಮಾಡಿದರೆ ಎಡಗೈಯವರ ಕೈಪಿಡಿಯಲ್ಲೇ ಎಡಗೈಯವನಿಗೆ ಸುಳ್ಳು ಹೇಳಿದ ಹಾಗೆ ಆಗುತ್ತದೆ. ಹಾಗಾಗಿ ಆನ್, ಆಫ್ ಎರಡನ್ನೂ ಬಿಟ್ಟು ದಿಕ್ಕು ಹೇಳಿ. ಬಡಗಿಗಳು ಓರೆಯಾದದ್ದಕ್ಕೆ ‘ವಾರೆ’ ಅಂತಾರಲ್ಲ, ಅದೇ ಸಾಕು. ಎಡವಾರೆ, ಬಲವಾರೆ. ‘ಸೊಟ್ಟ’, ‘ಡೊಂಕು’ ಬರೆಯಬೇಡಿ, ಗಿರಾಕಿ ಕೋವಿ ಕೆಟ್ಟಿದೆ ಎಂದು ವಾಪಸ್ ತರುತ್ತಾನೆ.

ಇದು ಸಣ್ಣ ವಿಷಯವಲ್ಲ. ನನಗೆ ಬಂದದ್ದು ಅಪ್ಪನ ಜೋಡುನಳಿಗೆ, ಬಲವಾರೆಯದು. ಅದನ್ನು ಎಡ ಹೆಗಲಿಗೆ ಇಟ್ಟರೆ ಹಿಡಿ ಕೆನ್ನೆಯನ್ನು ಬಲಕ್ಕೆ ದೂಡುತ್ತದೆ, ಕಣ್ಣು ನಳಿಗೆಯ ಬಲಕ್ಕೆ ಹೋಗುತ್ತದೆ, ಈಡು ಪ್ರತಿಸಲ ಬಲಕ್ಕೆ ಬೀಳುತ್ತದೆ. ಇಂಥ ಕೋವಿಗೆ ಗುರಿ ನೋಡಲು ಹಿಂಬದಿಯಲ್ಲಿ ಬೇರೆ ಕಿಂಡಿ ಇರುವುದಿಲ್ಲ, ಕಣ್ಣೇ ಆ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ನನ್ನ ಕೈಯೇ ಸರಿಯಿಲ್ಲ ಅಂದುಕೊಂಡಿದ್ದೆ. ಕೊನೆಗೆ ಒಬ್ಬ ಮುದುಕ ಮಿಸ್ತ್ರಿ ಬಿಸಿ ಎಣ್ಣೆ ಹಾಕಿ ಹಿಡಿಯನ್ನು ಎಡಕ್ಕೆ ಬಗ್ಗಿಸಿ ಕೊಟ್ಟ. ಲೆಕ್ಕ ಸುಲಭ: 16 ಗಜ ದೂರದ ಹಲಗೆಯ ಮೇಲೆ 1 ಇಂಚು ತಪ್ಪಿದರೆ ಹಿಡಿಯನ್ನು ಇಂಚಿನ ಹದಿನಾರನೇ ಒಂದು ಭಾಗ ಸರಿಸಬೇಕು. ಇದನ್ನು ಕೈಪಿಡಿಯಲ್ಲಿ ಹಾಕಿ, ಪದಕ್ಕಿಂತ ಇದು ಉಪಯೋಗ.

ಸ್ಟಾಕ್‌ಗೆ ‘ಹಿಡಿ’ ಅಥವಾ ‘ಮರದ ಹಿಡಿ’. ಮರಾಠಿಯಲ್ಲಿ ‘ದಸ್ತಾ’ ಇರುತ್ತದೆ, ಅದನ್ನು ನೋಡಿಯೇ ಯಾರೋ ‘ದಾಸ್ತಾನು’ ಮಾಡಿರಬಹುದು. ಕೋಂಬ್ ಎಂದರೆ ಹಿಡಿಯ ಮೇಲಿನ ಏಣು, ಕೆನ್ನೆ ಕೂರುವ ಜಾಗ. ‘ಕೆನ್ನೆಯೇಣು’ ಅನ್ನಿ. ಅದು ಎತ್ತರವಾದರೆ ಈಡು ಮೇಲೆ, ತಗ್ಗಾದರೆ ಕೆಳಗೆ.

ಲೆಂತ್ ಆಫ್ ಪುಲ್ ಅನ್ನು ‘ಎಳೆತದ ಉದ್ದ’ ಮಾಡಬೇಡಿ, ಕೈಮುಗಿಯುತ್ತೇನೆ. ಕುದುರೆಯಿಂದ (ಬೆರಳಿನಲ್ಲಿ ಎಳೆಯುವ ಟ್ರಿಗರ್) ಹಿಡಿಯ ಬುಡದ ನಡುವಿನವರೆಗಿನ ಅಳತೆ ಅದು. ‘ಹಿಡಿಯುದ್ದ’. ಅಂಗಡಿಯ ಕೋವಿಗಳು ಸಾಮಾನ್ಯವಾಗಿ 14ರಿಂದ 14½ ಇಂಚು ಇರುತ್ತವೆ. ಬುಡವನ್ನು ಮೊಣಕೈ ಮಡಿಕೆಗೆ ಇಟ್ಟು ಬೆರಳು ಕುದುರೆಗೆ ಮುಟ್ಟುತ್ತದಾ ಎಂದು ನೋಡುವುದು ಹಳೆಯ ಪದ್ಧತಿ, ಅದನ್ನು ನೆಚ್ಚಬೇಡಿ. ಹೆಗಲಿಗೆ ಇಟ್ಟಾಗ ಮೂಗಿಗೂ ಹೆಬ್ಬೆರಳಿಗೂ ನಡುವೆ ಎರಡು ಬೆರಳಷ್ಟು ಜಾಗ ಉಳಿದರೆ ಹೆಚ್ಚುಕಮ್ಮಿ ಸರಿ.

ಮಾಸ್ಟರ್ ಐ. ಇದನ್ನು ಎಲ್ಲಕ್ಕಿಂತ ಮೊದಲು ಹಾಕಬೇಕಿತ್ತು. ಬರೆಯುವ ಕೈ ಎಡ, ಆದರೆ ಗುರಿ ಹಿಡಿಯುವ ಕಣ್ಣು ಬಲ, ಅಂಥವರು ಎಷ್ಟೋ ಜನ. ಎರಡು ಅಂಗೈ ಸೇರಿಸಿ ಸಣ್ಣ ಕಿಂಡಿ ಮಾಡಿ ದೂರದ ಕಂಬ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಕಂಬ ಕಿಂಡಿಯಿಂದ ಜಾರಿತೋ ಅದೇ ನಿಮ್ಮ ಗುರಿ ಹಿಡಿಯುವ ಕಣ್ಣು. ಅದು ಬಲಗಣ್ಣಾದರೆ, ಹೊಸಬ ಬಲ ಹೆಗಲಿನಲ್ಲೇ ಕಲಿತರೂ ಆಗುತ್ತದೆ, ಎಡವಾರೆ ಕೋವಿಗೆ ದುಡ್ಡು ಸುರಿಯುವುದು ಬೇಡ. ಪದ ನಿಮಗೆ ಬಿಟ್ಟದ್ದು. ‘ಗುರಿಗಣ್ಣು’ ನನಗೆ ಸರಿ ಕಾಣುತ್ತದೆ. ಯಾರಾದರೂ ‘ಮೇಲುಗಣ್ಣು’ ಅಂದಾರು, ಅದು ಮಾಲುಗಣ್ಣಿನ ಹಾಗೆ ಕೇಳುತ್ತದೆ.

ಇನ್ನೊಂದು ಮಾತು ಮರಾಠಿ ಪ್ರತಿಯಲ್ಲಿ ಇದೆಯೋ ಇಲ್ಲವೋ. ಆಟೊಮ್ಯಾಟಿಕ್ ಮತ್ತು ಪಂಪ್ ಕೋವಿಗಳು ಹೆಚ್ಚಿನವು ಖಾಲಿ ತೋಟೆಯನ್ನು ಬಲಕ್ಕೆ ಎಸೆಯುತ್ತವೆ. ಎಡ ಹೆಗಲಿನಲ್ಲಿ ಇಟ್ಟವನಿಗೆ ಅದು ಮುಖದ ಮುಂದೆಯೇ ಹಾರುತ್ತದೆ. ಬೆನೆಲ್ಲಿ, ಬೆರೆಟ್ಟಾದವರು ಎಡಗೈಯವರಿಗೆಂದೇ ಎಡಕ್ಕೆ ಎಸೆಯುವುದನ್ನು ಮಾಡುತ್ತಾರೆ. ಬ್ರೌನಿಂಗ್ ಬಿಪಿಎಸ್ ಕೆಳಕ್ಕೆ ಉದುರಿಸುತ್ತದೆ, ಅದು ಯಾರಿಗೂ ಆಗುತ್ತದೆ. ಮಡಚುವ ಜೋಡುನಳಿಗೆಗೆ ಆ ತಾಪತ್ರಯವೇ ಇಲ್ಲ. ಸೇಫ್ಟಿ ಗುಂಡಿಯನ್ನೂ ನೋಡಬೇಕು. ಕುದುರೆಯ ಹಿಂದೆ ಅಡ್ಡಕ್ಕೆ ಒತ್ತುವ ಗುಂಡಿ ಬಲಗೈ ಬೆರಳಿಗೆ ಮಾಡಿದ್ದು. ಮೇಲೆ ಹೆಬ್ಬೆರಳಿನ ಹತ್ತಿರ ಇರುವ ಗುಂಡಿ ಎರಡೂ ಕೈಗೆ ಸಮ.

ಹಾಂ, ಮಾಟುಂಗದವರ ‘ಸವ್ಯಸಾಚಿ’ ಬಿಸಾಡಬೇಡಿ. ಎಡಕ್ಕೂ ಬಲಕ್ಕೂ ಬಾಗದ ನೇರ ಹಿಡಿಗೆ ಅದು ಹೇಳಿ ಮಾಡಿಸಿದ ಪದ.

ಡೊಂಬಿವಲಿ – 8.41

‘ತೋಟೆ’ ಯಾಕೆ? ‘ಕಾಡತೂಸು’ ಇದೆ. ಕಾಡಿನಲ್ಲಿ ಬಳಸುವುದರಿಂದ ಕಾಡು + ತೂಸು. ಅಚ್ಚಗನ್ನಡ.

ಮಡಗಾಂವ್, ಗೋವಾ – 8.44

ಪೋರ್ಚುಗೀಸರ ಕಾರ್ತೂಶು ಅದು. ನಾನು ಅವರ ಊರಿನಲ್ಲೇ ಕೂತು ಬರೆಯುತ್ತಿದ್ದೇನೆ.

ಡೊಂಬಿವಲಿ – 8.50

ಅವರೇ ನಮ್ಮಿಂದ ತೆಗೆದುಕೊಂಡಿರಬಾರದೇಕೆ?

ಚೆಂಬೂರ್ – 8.58

ಅಯ್ಯೋ ದೇವರೇ. ಸಾರ್, ನೀವು ಇದನ್ನು ಮೇಜಿನ ಮೇಲೆ ಕಂಪ್ಯೂಟರ್ ಇಟ್ಟು ಬರೆಯುತ್ತಿದ್ದೀರಿ. ಮೇಜು ಅವರದು. ಅಲಮಾರು, ಚಾವಿ, ಬಟಾಟೆ ಅವರದು. ತಿಂಗಳ ಕೊನೆಗೆ ಎಣಿಸಿಕೊಳ್ಳುವ ಪಗಾರವೂ ಅವರದೇ. ಐನೂರು ವರ್ಷದಲ್ಲಿ ಕನ್ನಡ ಇದರಿಂದ ಸಾಯಲಿಲ್ಲ. ಆದರೆ ಬ್ಯಾಂಕಿನ ಫಾರ್ಮ್ ಕನ್ನಡದಲ್ಲಿದ್ದರೂ ನಾನು ಇಂಗ್ಲಿಷಿನದೇ ತುಂಬುತ್ತೇನೆ. ಯಾಕೆ? ಆ ಕನ್ನಡ ನನ್ನ ಬಾಯಲ್ಲಿ ಯಾವತ್ತೂ ಬಂದದ್ದಲ್ಲ. ಪದ ಎಲ್ಲಿಂದ ಬಂತು ಎಂದು ಕೇಳಿ ಏನು ಮಾಡುತ್ತೀರಿ, ಯಾರ ಬಾಯಲ್ಲಿದೆ ಎಂದು ಕೇಳಿ.

ಡೊಂಬಿವಲಿ – 9.03

ಬಾಯಲ್ಲಿರುವುದೆಲ್ಲ ಭಾಷೆಯಾದರೆ ಗುಟ್ಕಾನೂ ಕನ್ನಡ. ‘ಪಗಾರ’ ನಾನು ಬಳಸುವುದಿಲ್ಲ, ‘ಸಂಬಳ’ ಅನ್ನುತ್ತೇನೆ.

ಠಾಣೆ – 9.06

ಎಡವಾರೆ, ಬಲವಾರೆ ಬಡಗಿಯ ಬಾಯಲ್ಲಿ ಮೊದಲೇ ಇದ್ದ ಮಾತಿನಿಂದ ಬಂದವು, ಇಂಗ್ಲಿಷಿಗಿಂತ ನಿಖರ ಕೂಡ. ಇಬ್ಬರೂ ಗೆದ್ದಿರಿ, ಊಟ ಮಾಡಿ.

ಮಾಟುಂಗ – 9.15

ಕೊಡವರು ಕೋವಿಗೆ ‘ತೋಕ್’ ಅಂತಾರಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ‘ತೋಕ್ ಪೂ’ ಎಂಬ ಹೂ ಸಿಕ್ಕಿಸುತ್ತಾರೆ. ಗಿರಾಕಿಗಳು ಅವರೇ ಆದರೆ ಆ ಪದವೂ ಬೋರ್ಡಿನಲ್ಲಿ ಬರಲಿ.

ಮಡಗಾಂವ್, ಗೋವಾ – 9.21

ಬೇಡ. ಅವರಿಗೆ ಕೋವಿಯೂ ಗೊತ್ತು. ಬೋರ್ಡು ಎರಡು ಸಾಲಿರಬೇಕು, ಸಮ್ಮೇಳನದ ಭಾಷಣ ಅಲ್ಲ.

ಕೋಥರೂಡ್, ಪುಣೆ – 10.40

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೈಪಿಡಿ ಮುಗಿಯಿತು. ಹಿಡಿ, ಕೆನ್ನೆಯೇಣು, ಹಿಡಿಯುದ್ದ, ಎಡವಾರೆ, ಬಲವಾರೆ, ಗುರಿಗಣ್ಣು, ಜೊತೆಗೆ ನೇರವಾದದ್ದಕ್ಕೆ ಸವ್ಯಸಾಚಿ ಹಿಡಿ. ಮೊದಲ ಸಲ ಬಂದಲ್ಲಿ ಪಕ್ಕದಲ್ಲಿ ಚಿತ್ರ ಹಾಕಿ ಬಾಣ ತೋರಿಸಿದ್ದೇನೆ. ಸೇಫ್ಟಿ, ಪಂಪ್ ಹಾಗೇ ಇವೆ, ಚೆಂಬೂರಿನವರಿಗೆ ಸಮಾಧಾನ ಆಗಲಿ. ಅಂಗಡಿಯವರಿಗೆ ಫೋನಿನಲ್ಲಿ ಎಡವಾರೆ, ಬಲವಾರೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮರಾಠಿ ಪ್ರತಿಯಲ್ಲೂ ಆನ್, ಆಫ್ ತೆಗೆದು ‘ಡಾವಾ’, ‘ಉಜವಾ’ ಮಾಡಿಸುತ್ತೇನೆ ಅಂದರು. ಅದಕ್ಕೆ ನನಗೆ ಬೇರೆ ದುಡ್ಡು ಕೊಡುವುದಿಲ್ಲವಂತೆ.

ಬೋರ್ಡು ಹೀಗೆ:

ಎಡಗೈಯಲ್ಲಿ ಈಡು ಹೊಡೆಯುವವರಿಗೆ
ಕೋವಿಯ ಹಿಡಿ ಹೊಂದಿಸಿ ಕೊಡಲಾಗುತ್ತದೆ

ಡೊಂಬಿವಲಿ – 10.43

‘ಕೊಡಲಾಗುತ್ತದೆ’ ಸರ್ಕಾರಿ ಸುತ್ತೋಲೆಯ ಭಾಷೆ. ‘ಕೊಡುತ್ತೇವೆ’ ಅನ್ನಿ.

ಕೋಥರೂಡ್, ಪುಣೆ – 10.44

ಇದು ಸರಿ ಸಾರ್. ಬದಲಾಯಿಸಿದೆ.